ಟೆಮ್‌ಫರ್ಡ್ ಸಂತೆಯಲ್ಲಿ ನಮ್ಮವರು ಕುರಿ ಮಾರಿದ್ದು

ಹೆಸರು: ಗ್ವೆಂಡಾ ಬಫ್ಟನ್, ಗಂಡ ಎಮ್ರಿಸ್ ಬಫ್ಟನ್. ವಯಸ್ಸು: 71. ಕಸುಬು: ಮೊದಲು ಕುರಿ ಸಾಕಣೆ, ಈಗ ಗಂಡನನ್ನು ನೋಡಿಕೊಳ್ಳುವುದು. ವಾಸ: ಪೆನ್‌ಲಾನ್ ತೋಟದಮನೆ, ಗಡಿಯಿಂದ ನಾಲ್ಕು ಮೈಲಿ ಒಳಗೆ, ವೇಲ್ಸ್.

ಟೆಮ್‌ಫರ್ಡ್ ಠಾಣೆಯ ಅಧಿಕಾರಿಗಳ ಮುಂದೆ ಈ ಮೂಲಕ ತಿಳಿಸುವುದೇನೆಂದರೆ, ನಮ್ಮವರಿಗೆ 79 ವರ್ಷ, ಮೂರು ವರ್ಷದಿಂದ ಮರೆವಿನ ಕಾಯಿಲೆ. ಎರಡು ವರ್ಷದ ಹಿಂದೆ ಅವರು ಆಸ್ಪತ್ರೆಯಲ್ಲಿದ್ದಾಗ ನಾನೇ ಕುರಿಗಳನ್ನೆಲ್ಲ ಮಾರಿದೆ. ಮಾರಿ ಆಯಿತು ಎಂದರೆ ಅವರು ನಂಬುವುದಿಲ್ಲ. ಕೈಯಾರೆ ಮಾರದ್ದು ಮಾರಿದ ಹಾಗಲ್ಲ ಎನ್ನುತ್ತಾರೆ.

ದಿನಾಂಕ 17-10-2019ರ ಗುರುವಾರ ಬೆಳಿಗ್ಗೆ 9.40ಕ್ಕೆ ನಾವಿಬ್ಬರೂ ಸಂತೆಗೆಂದು ಬಸ್ಸಿನಲ್ಲಿ ಬಂದಿಳಿದೆವು. ತಿಂಗಳಿಗೊಮ್ಮೆ ಬರುತ್ತೇವೆ. ನಮ್ಮ ಕಡೆಯವರು ಗಡಿಯಾಚೆಯ ಇಂಗ್ಲೆಂಡಿನ ಊರನ್ನು ಹೊಗಳುವುದು ಅಪರೂಪ. ಆದರೂ ಹೇಳುತ್ತೇನೆ, ಇಂಥ ಊರು ಇನ್ನೊಂದಿಲ್ಲ. ಐನೂರು ವರ್ಷದ ಕಪ್ಪು ತೊಲೆಯ ಮನೆಗಳು ಒಂದಕ್ಕೊಂದು ಒರಗಿಕೊಂಡು ನಿಂತಿವೆ, ಒಂದೂ ಬಿದ್ದಿಲ್ಲ. ಚೀಸ್ ಮಾರುವ ಮೇವಿಸ್‌ಳ ಹೆಸರು ನಮ್ಮವರಿಗೆ ಮರೆತುಹೋಗಿದೆ, ಆದರೆ ಅವಳು ಇವತ್ತಿಗೂ ಮೊದಲ ತುಂಡು ಕತ್ತರಿಸಿ ಅವರ ಕೈಗೇ ಕೊಡುತ್ತಾಳೆ. ಇದೆಲ್ಲ ಹೇಳಿಕೆಗೆ ಬೇಡವೆಂದು ತಾವು ಹೇಳಿದಿರಿ. ಬರೆದುಕೊಳ್ಳಲೇಬೇಕು ಎಂದು ನಾನು ಹೇಳಿದೆ.

10.25ಕ್ಕೆ ನಾನು ಚೀಸ್ ತೂಗಿಸಿಕೊಂಡು ತಿರುಗಿ ನೋಡುವಷ್ಟರಲ್ಲಿ ನಮ್ಮವರು ಇರಲಿಲ್ಲ. ಮೇವಿಸ್ ಅಂಗಡಿಯನ್ನು ಹಾಗೆಯೇ ಬಿಟ್ಟು ಹೊಳೆಯ ಕಡೆ ಓಡಿದಳು. ಕಟುಕ ಬರ್ಟ್ ರಕ್ತದ ಏಪ್ರನ್ನಿನಲ್ಲೇ ಕೋಟೆಯ ಕಡೆ ಓಡಿದ. ಹತ್ತು ನಿಮಿಷದಲ್ಲಿ ಸಂತೆಯಲ್ಲಿ ಮಾರುವವರೇ ಇರಲಿಲ್ಲ. ಹುಡುಕಿ ಎಂದು ಯಾರಿಗೂ ನಾನು ಹೇಳಿರಲಿಲ್ಲ.

10.50ಕ್ಕೆ, ಅಲ್ಲಿಂದ 350 ಗಜ ದೂರದ ಸೂಪರ್‌ಮಾರ್ಕೆಟ್ಟಿನ ವಾಹನ ನಿಲ್ಲಿಸುವ ಜಾಗದಲ್ಲಿ ಅವರು ಸಿಕ್ಕಿದರು. ಇಪ್ಪತ್ತು ವರ್ಷದ ಹಿಂದೆ ಅದು ಕುರಿಸಂತೆಯ ಮೈದಾನವಾಗಿತ್ತು. ಟ್ರಾಲಿ ನಿಲ್ಲಿಸುವ ಕಬ್ಬಿಣದ ಕಂಬಿಗಳನ್ನು ನಮ್ಮವರು ಕುರಿದೊಡ್ಡಿ ಎಂದುಕೊಂಡಿದ್ದರು. ಟ್ರಾಲಿಗಳನ್ನೆಲ್ಲ ಒಳಗೆ ಅಟ್ಟಿ, ಅಡ್ಡ ನಿಂತು, ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಅಂಗಡಿಯ ಮ್ಯಾನೇಜರ್ ಡೆಸ್ಮಂಡ್ ಪೀಟ್ ಒಂದನ್ನು ಎಳೆಯಲು ಹೋದಾಗ ನಮ್ಮವರು ತಮ್ಮ ಊರುಗೋಲಿನಿಂದ ಅವರ ಮಣಿಕಟ್ಟಿಗೆ ಹೊಡೆದರು. ರಕ್ತ ಬಂದದ್ದನ್ನು ಕಂಡಿದ್ದೇನೆ, ಸುಳ್ಳು ಹೇಳುವುದಿಲ್ಲ. ಪೀಟ್ ಪೊಲೀಸರಿಗೆ ಫೋನ್ ಮಾಡಿದರು. ಬೇಸಿಗೆಯಲ್ಲಿ ನಮ್ಮವರು ಒಬ್ಬ ದಾದಿಯ ಮೇಲೂ ಕೈ ಮಾಡಿದ್ದರು. ಇನ್ನೊಂದು ದೂರು ಬಂದರೆ ಮನೆಯಲ್ಲಿಟ್ಟುಕೊಳ್ಳಲು ಬಿಡುವುದಿಲ್ಲ, ವೃದ್ಧಾಶ್ರಮಕ್ಕೆ ಸೇರಿಸುತ್ತೇವೆ ಎಂದು ಸಮಾಜ ಸೇವಾ ಇಲಾಖೆಯವರು ಆಗಲೇ ನನಗೆ ತಿಳಿಸಿದ್ದರು. ಐವತ್ತು ವರ್ಷ ಒಟ್ಟಿಗೆ ಬಾಳಿದವರನ್ನು ಬೇರೆಯವರ ಕೈಗೆ ಕೊಡುವುದು ನನ್ನಿಂದಾಗದು. ಮನೆಗೆ ಹೋಗೋಣ ಬನ್ನಿ ಎಂದು ಬೇಡಿಕೊಂಡೆ. ಮಾರದೆ ಬರುವುದಿಲ್ಲ ಎಂದರು.

11.05ಕ್ಕೆ ಹೆಡ್ಲಿ ಗಿಟಿನ್ಸ್ ಬಂದರು. ವಯಸ್ಸು 83, ಅದೇ ಮೈದಾನದಲ್ಲಿ ಮೂವತ್ತು ವರ್ಷ ಹರಾಜು ಕೂಗಿದವರು. ನನ್ನನ್ನು ಏನೂ ಕೇಳಲಿಲ್ಲ. ಬ್ರೆಡ್ಡಿನ ಚೀಲವನ್ನು ನನ್ನ ಕೈಗೆ ಕೊಟ್ಟು ಮೋಟುಗೋಡೆ ಹತ್ತಿದರು.

"ಏನಯ್ಯಾ ಎಮ್ರಿಸ್, ಇಷ್ಟ್ ಹೊತ್ತಾ ಬರೋದು?" ಎಂದರು.

"ತಡ ಮಾಡಿದ್ದು ನೀನು. ಕೂಗು," ಎಂದರು ನಮ್ಮವರು.

ಗಿಟಿನ್ಸ್ ಕೂಗಿದರು. ಅಷ್ಟರಲ್ಲಿ ಹುಡುಕುತ್ತಾ ಅಲ್ಲಿಗೇ ಬಂದಿದ್ದ ಮೇವಿಸ್ ಬೆಲೆ ಕಟ್ಟಿದಳು, ಬರ್ಟ್ ಏರಿಸಿದ. ಕುರಿಗಳ ಕಾಲು ಸಣ್ಣದಾಯಿತು ಎಂದು ಬರ್ಟ್ ಕೊಂಕು ತೆಗೆದಾಗ, ನಿನ್ನ ಕಾಲಿಗಿಂತ ವಾಸಿ ಎಂದು ನಮ್ಮವರು ಬೈದರು. ಆಮೇಲೆ ಗಿಟಿನ್ಸ್ ಪೀಟ್ ಅವರ ಕಡೆ ನೋಡಿದರು. ಪೀಟ್ ಗಾಯಕ್ಕೆ ಕರವಸ್ತ್ರ ಸುತ್ತಿಕೊಂಡಿದ್ದರು. ಟ್ರಾಲಿಗಳ ಕಡೆ ಒಮ್ಮೆ ನೋಡಿ ಇನ್ನೊಂದು ಕೈ ಎತ್ತಿದರು. ಒಂದು ಸಾರಿ, ಎರಡು ಸಾರಿ, ಮೂರು ಸಾರಿ ಆಯಿತು.

ಮಾರಿದವನು ಕೊಂಡವನಿಗೆ ಅದೃಷ್ಟದ ಕಾಸು ಕೊಡದೆ ನಮ್ಮಲ್ಲಿ ವ್ಯಾಪಾರ ಮುಗಿಯುವುದಿಲ್ಲ. ನಮ್ಮವರು ಎಲ್ಲ ಜೇಬು ತಡಕಿದರು, ಏನೂ ಇರಲಿಲ್ಲ. ನನ್ನ ಪರ್ಸು ಮೇವಿಸ್‌ಳ ಅಂಗಡಿಯಲ್ಲಿತ್ತು. ನಮ್ಮವರ ಮುಖ ಅಳುವಂತಾಯಿತು. ಆಗ ಪೀಟ್ ಒಂದು ಟ್ರಾಲಿಯ ಸರಪಳಿ ಸಿಕ್ಕಿಸಿ, ಅದರಿಂದ ಹೊರಬಂದ, ಗಿರಾಕಿ ಠೇವಣಿಗೆಂದು ಹಾಕಿದ್ದ ಒಂದು ಪೌಂಡ್ ನಾಣ್ಯವನ್ನು ನಮ್ಮವರ ಅಂಗೈಯಲ್ಲಿಟ್ಟರು. ನಮ್ಮವರು ಅದಕ್ಕೆ ಉಗುಳು ಸವರಿ, ಪದ್ಧತಿಯಂತೆ, ಪೀಟ್ ಅವರಿಗೇ ಕೊಟ್ಟರು.

"ಅವುಗಳ ಕಾಲು ಒದ್ದೆ ಆಗ್ದಂಗೆ ನೋಡ್ಕೊಳಪ್ಪಾ. ಒಳ್ಳೆ ಕುರಿಗಳು," ಎಂದರು.

11.20ಕ್ಕೆ ತಾವು ಬಂದು ದೂರು ಕೇಳಿದಿರಿ. ಅದೃಷ್ಟದ ಕಾಸು ಇಸಕೊಂಡ ಮೇಲೆ ಇಬ್ಬರಲ್ಲಿ ಯಾರೂ ತಕರಾರು ಎತ್ತುವ ಹಾಗಿಲ್ಲ, ಇದು ಈ ಊರಿನ ಕಟ್ಟಳೆ ಎಂದು ಗಿಟಿನ್ಸ್ ಹೇಳಿದರು. ಪೀಟ್ ಬರ್ಮಿಂಗ್‌ಹ್ಯಾಮಿನವರು, ಇಲ್ಲಿಗೆ ಬಂದು ಎಂಟು ತಿಂಗಳಾಗಿದೆ ಅಷ್ಟೆ.

"ಕಾಸು ಇಸ್ಕೊಂಡಿದೀನಿ ಸಾರ್. ನಂದೇನೂ ತಕರಾರಿಲ್ಲ," ಎಂದರು.

ಕರೆ ದಾಖಲಾಗಿರುವುದರಿಂದ ಹೇಳಿಕೆ ಬೇಕೇ ಬೇಕೆಂದು ತಾವು ಹೇಳಿದ ಕಾರಣ ನಮ್ಮವರೊಂದಿಗೆ ಠಾಣೆಗೆ ಬಂದಿದ್ದೇನೆ. ಎಮ್ರಿಸ್ ಬಫ್ಟನ್ ಅವರಿಗೆ ಹೇಳುವುದೇನಾದರೂ ಇದೆಯೇ ಎಂದು ತಾವು ಕೇಳಿದ್ದಕ್ಕೆ ಅವರು ನನ್ನ ಕೋಟಿನ ಗುಂಡಿ ಹಾಕುತ್ತಾ ಹೇಳಿದ ಮಾತನ್ನು ಇದ್ದ ಹಾಗೆಯೇ ಬರೆಸಿದ್ದೇನೆ.

"ಬೇಗ ಮುಗ್ಸಿ ಸ್ವಾಮಿ. ಇವಳನ್ನ ಮನೆಗ್ ಕರ್ಕೊಂಡ್ ಹೋಗ್ಬೇಕು, ಪಾಪ ಸುಸ್ತಾಗಿದಾಳೆ."

ಇಲ್ಲಿ ಬರೆದಿರುವುದನ್ನು ಓದಿಸಿ ಕೇಳಿದ್ದೇನೆ. ಕಂಡದ್ದನ್ನೇ ಹೇಳಿದ್ದೇನೆ, ಸತ್ಯವಾಗಿದೆ.

ಸ್ಥಳ: ಟೆಮ್‌ಫರ್ಡ್ ಠಾಣೆ
ದಿನಾಂಕ: 17-10-2019, ಮಧ್ಯಾಹ್ನ 12.35
ಸಹಿ: ಗ್ವೆಂಡಾ ಬಫ್ಟನ್