ಹಿಂದಿನ ಲೈಟು

"ಹಲೋ... ಯಾರು? ಯಾರು ಮಾತಾಡ್ತಿರೋದು?"

ಯಜಮಾನ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಿದ್ದ. ಬಲಗೈಯಲ್ಲಿ ವ್ಯಾನಿನ ಚಕ್ರ ಬಿಚ್ಚುವ ಕಬ್ಬಿಣದ ಸ್ಪ್ಯಾನರು, ಎಡಗೈಯಲ್ಲಿ ಲಾರಿಯವನ ಕೂದಲು. ಎರಡರಲ್ಲಿ ಯಾವುದನ್ನೂ ಬಿಡುವ ಮನಸ್ಸು ಅವನಿಗಿರಲಿಲ್ಲ.

"ಹಾಂ?... ಜೋರಾಗಿ ಹೇಳೋ, ಕೇಳಿಸ್ತಿಲ್ಲ... ಯಾರು, ಫ್ಯೂಸಾ? ಅದೇನೋ ಅಷ್ಟು ಗಾಳಿ? ಫ್ಯಾನಿನ ಬುಡದಲ್ಲಿ ಕೂತಿದೀಯಾ?... ಸರಿ ಸರಿ. ನಿನ್ನ ಫೋನಿಗೇ ಕಾಯ್ತಿದ್ದೆ. ಹೇಳು."

ಫ್ಯೂಸ್ ಎಂದರೆ ಹೆದ್ದಾರಿಯ ಪಕ್ಕ ಗಾಡಿಗಳ ವೈರಿಂಗ್ ಅಂಗಡಿ ಇಟ್ಟುಕೊಂಡವನು. ಸಣಕಲು ಆಳು, ಮಾತಿಗೆ ಮೊದಲು ಗಂಟಲು ಸರಿಮಾಡಿಕೊಳ್ಳುವ ಸ್ವಭಾವ. ಯಜಮಾನನಿಗೆ ಇದ್ದದ್ದು ಎರಡು ಬಾಡಿಗೆ ವ್ಯಾನು, ಎರಡರ ನರನಾಡಿಯೂ ಫ್ಯೂಸಿಗೆ ಗೊತ್ತು. ನಿನ್ನೆ ಬೆಳಿಗ್ಗೆ ಮಂಜಿನಲ್ಲಿ ಒಂದು ಲಾರಿ ಹಿಂದಿನಿಂದ ನುಗ್ಗಿ ಅದರಲ್ಲೊಂದು ವ್ಯಾನು ಮುದ್ದೆಯಾಗಿತ್ತು. ಓಡಿಸುತ್ತಿದ್ದ ಯಜಮಾನನ ತಮ್ಮ ಉಳಿಯಲಿಲ್ಲ. ಮುದ್ದೆಯಾದ ವ್ಯಾನನ್ನು ಫ್ಯೂಸಿನ ಅಂಗಡಿ ಮುಂದೆ ಎಳೆದು ಹಾಕಿದ್ದರು. ಲಾರಿಯವನು ಪೊಲೀಸ್ ಠಾಣೆಯಿಂದ ಈಚೆ ಬರುತ್ತಲೇ ಯಜಮಾನ, 'ಬಾ, ಮಾತಾಡೋಣ' ಎಂದು ಹೆಗಲ ಮೇಲೆ ಕೈ ಹಾಕಿ ಕರೆತಂದಿದ್ದ. ಈಗ ಅವನು ಯಜಮಾನನ ವ್ಯಾನು ನಿಲ್ಲಿಸುವ ಶೆಡ್ಡಿನ ಕಂಬಕ್ಕೆ ಹಳೆಯ ಸೀಟ್ ಬೆಲ್ಟಿನಲ್ಲಿ ಬಿಗಿಸಿಕೊಂಡು ಕೂತಿದ್ದ.

"ಏನು ಅರ್ಜೆಂಟು? ನಿನಗೇನೋ ಅರ್ಜೆಂಟು, ಅರ್ಜೆಂಟು ಇರೋದು ನನಗೆ. ಮೊದಲು ನಾನು ಕೇಳಿದ್ದಕ್ಕೆ ಉತ್ತರ ಹೇಳು. ಗಾಡಿ ನೋಡಿದ್ಯಾ?... ನೋಡಿದೀಯಲ್ಲ. ಹಿಂದಿನ ಲೈಟು ಉರೀತಿತ್ತು ತಾನೇ?... ಇರು, ಇವನೂ ಕೇಳಿಸ್ಕೊಳ್ಲಿ. ಲೋ ಲಾರಿ, ಕಿವಿ ಕೊಟ್ಟು ಕೇಳು."

ಲಾರಿಯವನು ಆಗಿನಿಂದ ಹೇಳುತ್ತಿದ್ದದ್ದು ಒಂದೇ ಮಾತು. ಮುಂದೆ ಗಾಡಿ ಇರುವುದೇ ಕಾಣಲಿಲ್ಲ, ಹಿಂದೆ ಒಂದು ಕೆಂಪು ಚುಕ್ಕೆ ಇದ್ದಿದ್ದರೂ ಬ್ರೇಕ್ ಹಿಡಿಯುತ್ತಿದ್ದೆ ಎಂದು. ಆ ಮಾತಿಗೆ ಅವನ ಮುಂದಿನ ಹಲ್ಲು ಹೋಗಿತ್ತು, ಒಂದು ಕಣ್ಣು ಮುಚ್ಚಿಹೋಗಿತ್ತು. ಯಜಮಾನನಿಗೆ ಅನುಮಾನವೇ ಇರಲಿಲ್ಲ. ಸುದ್ದಿ ಕೇಳಿ ಓಡಿಹೋಗಿ ತಮ್ಮನನ್ನು ಈಚೆಗೆ ಎಳೆದವನು ಅವನೇ. ಡ್ಯಾಶ್‌ಬೋರ್ಡಿನ ಮೀಟರು ಆಗಲೂ ಉರಿಯುತ್ತಲೇ ಇತ್ತು. ಅದರ ಹಸಿರು ಬೆಳಕು ತಮ್ಮನ ಮುಖದ ಮೇಲೆ ಬೀಳುತ್ತಿತ್ತು. ಮೀಟರು ಉರಿಯುತ್ತಿದೆ ಎಂದರೆ ಲೈಟು ಹಾಕಿದ್ದ ಎಂದೇ ಅರ್ಥ. ಫ್ಯೂಸ್ ತನ್ನ ಬಾಯಿಂದ ಹೌದು ಎಂದುಬಿಟ್ಟರೆ ಲಾರಿಯವನ ಬಲಗೈ ಇನ್ನು ಸ್ಟೀರಿಂಗ್ ಹಿಡಿಯದ ಹಾಗೆ ಮಾಡುವುದು ಎಂದು ಯಜಮಾನ ತೀರ್ಮಾನ ಮಾಡಿಕೊಂಡಿದ್ದ.

"ವ್ಯಾನಾ? ಯಾವ ವ್ಯಾನು?... ಹೂಂ, ಪುಟ್ಟಿ ಹೋಗಿದಾಳೆ. ನಾನೇ ಕಳಿಸಿದ್ದು. ಆಸ್ಪತ್ರೆಯವರು ಇವತ್ತು ತಮ್ಮನ್ನ ಕೊಡ್ತಾರಂತೆ. ಅವನ ಹೆಂಡ್ತೀನ ಕೂರಿಸ್ಕೊಂಡು ಹೋಗಿದಾಳೆ... ನಿನ್ನ ಅಂಗಡಿ ಮುಂದೆ ಹೋದ್ಲಾ? ಹೋಗ್ಲೇಬೇಕಲ್ಲ, ಇರೋದೊಂದೇ ರಸ್ತೆ. ಅದಕ್ಕೇನೀಗ?... ಆಮೇಲೆ ಹೇಳು ಅದೆಲ್ಲ. ಮಾತು ತಿರುಗಿಸ್ಬೇಡ."

ಪುಟ್ಟಿ ಯಜಮಾನನ ಒಬ್ಬಳೇ ಮಗಳು. ಚಿಕ್ಕಂದಿನಲ್ಲಿ ಚಿಕ್ಕಪ್ಪನ ತೊಡೆಯ ಮೇಲೆ ಕೂತು ಸ್ಟೀರಿಂಗ್ ಹಿಡಿದು ಗಾಡಿ ಕಲಿತವಳು, ಉಳಿದ ಇನ್ನೊಂದು ವ್ಯಾನು ಈಗ ಅವಳ ಕೈಯಲ್ಲಿತ್ತು. ನಿನ್ನೆಯಿಂದ ಬಾಯಿಗೆ ನೀರೂ ಹಾಕಿರಲಿಲ್ಲ. ಅವಳ ನೆನಪಿನಿಂದ ಯಜಮಾನನ ಕೋಪ ಇನ್ನಷ್ಟು ಏರಿತು.

"ಒಂದೇ ಮಾತು ಹೇಳು. ಉರೀತಿತ್ತಾ, ಇಲ್ವಾ?... ಗಂಟಲು ಆಮೇಲೆ ಸರಿಮಾಡ್ಕೋ ಅಯ್ಯಾ... ಏನು?... ಇನ್ನೊಂದ್ಸಲ ಹೇಳು... ಉರೀತಿರ್ಲಿಲ್ವಾ?"

ಹೌದು ಎಂದಿದ್ದರೂ ಏಟು ಬೀಳುತ್ತಿತ್ತು, ಇಲ್ಲ ಎಂದದ್ದಕ್ಕೂ ಬಿತ್ತು. ಕಂಬದ ಬುಡದಲ್ಲಿ ಊರಿಕೊಂಡಿದ್ದ ಲಾರಿಯವನ ಬಲ ಅಂಗೈಯ ಮೇಲೆ ಸ್ಪ್ಯಾನರು ಇಳಿಯಿತು. ಒಣ ಕಟ್ಟಿಗೆ ಮುರಿದ ಹಾಗೆ ಸದ್ದಾಯಿತು. ಲಾರಿಯವನ ಕೂಗಿಗೆ ಶೆಡ್ಡಿನ ತಗಡೆಲ್ಲ ನಡುಗಿತು. ಯಜಮಾನನ ಕೈ ಇನ್ನೂ ಬೇಕು ಅನ್ನುತ್ತಿತ್ತು.

"ಕೇಳಿಸ್ತಾ? ಅದು ಅವನ ಕೂಗು. ಈಗ ಹೇಳು ನೋಡೋಣ ಇನ್ನೊಂದ್ಸಲ... ಯಾರೋ ನಿನ್ನ ಬಾಯಿ ಕಟ್ಟಿದ್ದು? ಲಾರಿ ಕಡೆಯವರು ಬಂದಿದ್ರಾ ಅಂಗಡೀಗೆ?... ಹಾಂ? ಯಾರೂ ಬರ್ಲಿಲ್ವಾ? ಹಾಗಾದ್ರೆ ಸತ್ತೋನ ಮೇಲೆ ಯಾಕೋ ಗೂಬೆ ಕೂರಿಸ್ತೀಯ? ನನ್ನ ತಮ್ಮ ಮಂಜಲ್ಲಿ ಲೈಟು ಹಾಕದೆ ಓಡಿಸೋ ಅಂಥ ಕತ್ತೇನಾ? ಬರ್ತೀನಿರು ನಿನ್ನ ಅಂಗಡೀಗೂ. ನಿನ್ನ ಚರ್ಮ ಸುಲಿದು ಅಲ್ಲೇ ನೇತಾಕ್ತೀನಿ."

...

"ಏನಂದೆ?... ಆಮೇಲೆ ಬಂದು ಹೊಡೀರಿ ಅಂತೀಯಾ? ಓಹೋ. ಏನೋ ಇವತ್ತು, ಫ್ಯೂಸಿಗೂ ಪೌರುಷ ಬಂದಿದೆ... ಆಯ್ತು. ಬೊಗಳು."

...

"ಬಲ್ಬಾ? ಹಿಂದಿನ ಬಲ್ಬು... ಹೂಂ... ಒಳಗಿನ ತಂತಿ... ಉರೀತಿರುವಾಗ ಗುದ್ದಿದ್ರೆ ಕಾದ ತಂತಿ ಎಳಕೊಂಡು ಉದ್ದ ಆಗುತ್ತಾ?... ಇದು ಎಳಕೊಂಡಿಲ್ವಾ? ತಣ್ಣಗಿದ್ದಾಗ ಪುಟಕ್ಕನೆ ಮುರಿದಿದೆ... ಎರಡೂ ಕಡೇದಾ? ಸರಿಯಾಗಿ ನೋಡಿದ್ಯೇನೋ?"

ಯಜಮಾನ ಲಾರಿಯವನ ಕೂದಲು ಬಿಟ್ಟ. ಬಿಡಬೇಕೆಂದು ಬಿಟ್ಟದ್ದಲ್ಲ, ಫೋನು ಜಾರುತ್ತಿತ್ತು, ಹಿಡಿದುಕೊಳ್ಳಲು ಒಂದು ಕೈ ಬೇಕಾಯಿತು.

"ಸುಳ್ಳು ಕಣೋ. ಮೀಟರು ಉರೀತಿತ್ತು, ನನ್ನ ಕಣ್ಣಾರೆ ನೋಡಿದೀನಿ. ಮೀಟರು ಉರಿದ ಮೇಲೆ ಲೈಟು ಹೇಗೋ ಉರಿಯಲ್ಲ?... ಹಾಂ?... ಕೀ ತಿರುಗಿಸಿದ್ರೆ ಸಾಕಾ? ಲೈಟಿನ ಸ್ವಿಚ್ಚು ಹಾಕದೇ ಇದ್ರೂನಾ?... ಕಂಪನಿಯವರು ಹಾಗೆಲ್ಲ ಮಾಡ್ತಾರೇನೋ?... ಕಂಪನಿಯವರಲ್ವಾ? ಮತ್ಯಾವ ಬೇಕೂಫ ಹಾಗೆ ಮಾಡಿದ್ದು?... ನೀನಾ! ನೀನೇ ಮಾಡಿ ನನಗೇ ಹೇಳ್ತೀಯಾ? ಯಾರೋ ನಿನಗೆ ಹೇಳಿದ್ದು ಹಾಗೆ ಮಾಡು ಅಂತ?"

ಫೋನಿನಲ್ಲಿ ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ.

"ಯಾರು ಹೇಳಿದ್ದು ಅಂತ ಕೇಳ್ತಿದೀನಿ."

...

ಕೇಳಿದ ಮೇಲೆಯೇ ಅವನಿಗೆ ನೆನಪಾದದ್ದು. ಕಳೆದ ಬೇಸಗೆಯಲ್ಲಿ ಎರಡೂ ವ್ಯಾನುಗಳನ್ನು ಫ್ಯೂಸಿನ ಅಂಗಡಿಗೆ ತಂದು ನಿಲ್ಲಿಸಿದವನು ಅವನೇ. ಹೊಸ ಗಾಡಿಗಳ ಮುಂದೆ ತಾನು ಸಪ್ಪೆಯಾಗಿ ಕಾಣಬಾರದು, ಕೀ ತಿರುಗಿಸಿದ ಕೂಡಲೇ ಒಳಗೆ ಮೀಟರು ಜಗಮಗ ಅನ್ನಬೇಕು, ಮುಂಭಾಗದಲ್ಲಿ ಬಿಳಿ ಪಟ್ಟಿ ಉರಿಯಬೇಕು ಎಂದಿದ್ದ. ಫ್ಯೂಸ್ ಗಂಟಲು ಸರಿಮಾಡಿಕೊಂಡು, 'ಬೇಡ ಯಜಮಾನ್ರೇ' ಎಂದಿದ್ದ. ಮೀಟರು ಕತ್ತಲಾಗಿರುವುದೇ ಒಳ್ಳೆಯದು, ಬೆಳಕು ಕಮ್ಮಿಯಾಗಿ ಮೀಟರು ಕಾಣದಿದ್ದಾಗ ಕೈ ತಾನಾಗಿ ಸ್ವಿಚ್ಚಿಗೆ ಹೋಗುತ್ತದೆ, ಆ ಸ್ವಿಚ್ಚು ಹಾಕಿದರೇನೇ ಹಿಂದಿನ ಲೈಟು ಉರಿಯುವುದು; ಒಳಗೂ ಮುಂದೂ ಯಾವಾಗಲೂ ಬೆಳಕಿದ್ದರೆ ಓಡಿಸುವವನು ಎಲ್ಲವೂ ಉರಿಯುತ್ತಿದೆ ಅಂದುಕೊಂಡು ಸುಮ್ಮನಾಗುತ್ತಾನೆ ಎಂದು ತಾಳ್ಮೆಯಿಂದ ಬಿಡಿಸಿ ಹೇಳಿದ್ದ. ಯಜಮಾನನಿಗೆ ಬಾಯಿಗಿಂತ ಕೈಯೇ ಮುಂದು. ನಾಲ್ಕು ಜನರ ಎದುರು ಫ್ಯೂಸಿನ ಕಪಾಳಕ್ಕೆ ಬಾರಿಸಿದ್ದ. ಅವನ ಕೈಲಿದ್ದ ಸ್ಕ್ರೂಡ್ರೈವರು ಚರಂಡಿಗೆ ಬಿದ್ದಿತ್ತು. 'ಬಿಡಣ್ಣಾ, ಪಾಪ' ಎಂದು ಅಡ್ಡ ಬಂದವನು ತಮ್ಮ. ಫ್ಯೂಸ್ ಸ್ಕ್ರೂಡ್ರೈವರು ಎತ್ತಿ ಒರೆಸಿಕೊಂಡು, ಹೇಳಿದಷ್ಟು ಕೆಲಸ ಮಾಡಿ ಮುಗಿಸಿದ್ದ.

"ನೆನಪಿದೆ..." ಯಜಮಾನನ ದನಿ ನೆಲಕ್ಕಿಳಿಯಿತು. "ನೆನಪಿದೆ ಕಣೋ. ಬಿಡು. ಇನ್ನೊಂದ್ಸಲ ಹೇಳ್ಬೇಡ."

ಲಾರಿಯವನು ಮುರಿದ ಕೈಯನ್ನು ಹೊಟ್ಟೆಗೆ ಅವುಚಿಕೊಂಡು ನರಳುತ್ತಿದ್ದ. ಯಜಮಾನನಿಗೆ ಅತ್ತ ನೋಡಲಾಗಲಿಲ್ಲ. ನೋಡಿದ್ದರೆ ಏನಾಗುತ್ತಿತ್ತೋ, ಅಷ್ಟರಲ್ಲಿ ಫ್ಯೂಸ್ ಮತ್ತೇನೋ ಅಂದ.

"ಹಾಂ? ಎರಡೂ ಗಾಡೀಗೆ, ಹೌದು, ಎರಡಕ್ಕೂ ಮಾಡಿಸ್ದೆ... ಅದನ್ನ ಯಾಕೆ ಈಗ..."

ಯಜಮಾನ ಶೆಡ್ಡಿನ ಬಾಗಿಲ ಕಡೆ ತಿರುಗಿದ.

"ಪುಟ್ಟಿ."

...

"ಪುಟ್ಟಿ ಲೈಟು ಹಾಕಿದಾಳೇನೋ? ನೋಡಿದ್ಯಾ ನೀನು?... ಹಿಂದೆ ಒಂದೂ ಇಲ್ವಾ? ಮುಂದಿನ ಪಟ್ಟಿ ಮಾತ್ರವಾ?... ಅಲ್ಲಿ ಮಂಜಿದೆಯಾ? ಎಷ್ಟಿದೆ?... ಕೈ ಚಾಚಿದ್ರೆ ಕೈ ಕಾಣಲ್ವಾ? ಅಯ್ಯೋ ಮಂಜಿದ್ರೆ ಹಾಕ್ತಾಳೆ ಕಣೋ, ಹಾಕದೆ ಇರ್ತಾಳಾ..."

ಹಾಕುವುದಿಲ್ಲ ಎಂದು ಅವನಿಗೇ ಗೊತ್ತಾಗಿಹೋಯಿತು. ಶೆಡ್ಡಿನ ಬಾಗಿಲಾಚೆ ಎಲ್ಲ ಹಾಲಿನ ಹಾಗೆ ಬೆಳ್ಳಗಿತ್ತು. ಅಂಥ ಬೆಳಕಿನಲ್ಲಿ ಯಾರಿಗೆ ಲೈಟಿನ ಯೋಚನೆ ಬರುತ್ತದೆ? ಬಗ್ಗಿ ನೋಡಿದರೆ ಮೀಟರು ಬೇರೆ ಹಸಿರಾಗಿ ಉರಿಯುತ್ತಿರುತ್ತದೆ.

"ಮೊದಲೇ ಹೇಳೋದಕ್ಕೇನೋ ನಿನಗೆ ರೋಗ?... ಹೇಳೋಕ್ಕೇ ಫೋನ್ ಮಾಡಿದ್ದಾ?... ಹೂಂ... ಹೂಂ. ನಾನೇ ಬಿಡ್ಲಿಲ್ಲ. ಈಗ ಇಡು ಫೋನು, ಅವಳಿಗೆ ಮಾಡ್ತೀನಿ... ಮಾಡಿದ್ಯಾ? ಎಷ್ಟು ಸಲ?... ಎತ್ತಲ್ಲ. ನಾನು ಮಾಡಿದ್ರೂ ಎತ್ತಲ್ಲ ಕಣೋ ಅವಳು."

ಗಾಡಿ ಓಡಿಸುತ್ತಾ ಫೋನ್ ಎತ್ತಿದರೆ ಕೈ ಮುರೀತೀನಿ ಎಂದು ಅವನೇ ಮಗಳಿಗೆ ಹೇಳಿದ್ದ. ಅಪ್ಪ ಬರೀ ಮಾತಿಗೆ ಹೇಳುವವನಲ್ಲ ಎಂಬುದು ಅವಳಿಗೆ ಸಣ್ಣವಳಿದ್ದಾಗಿನಿಂದ ಗೊತ್ತು. ತಮ್ಮನ ಹೆಂಡತಿಯ ಫೋನು ನಿನ್ನೆಯಿಂದ ಅಡುಗೆಮನೆಯ ಕಟ್ಟೆಯ ಮೇಲೆ ಅನಾಥವಾಗಿ ಬಿದ್ದಿತ್ತು.

"ಏನು? ಹಾರ್ನಾ? ಹಾರ್ನ್ ಹೊಡೆದ್ರೆ ಇನ್ನೂ ಜೋರಾಗಿ ಓಡಿಸ್ತಾಳಾ?... ಅಯ್ಯಯ್ಯೋ. ಅದೂ ನಾನೇ ಹೇಳಿದ್ದು. ಲಾರಿ ಕಡೆಯವರು ಇವನನ್ನ ಹುಡುಕ್ಕೊಂಡು ಸೇಡಿಗೆ ಬಂದ್ರೂ ಬರ್ತಾರೆ, ಹಿಂದಿನಿಂದ ಯಾರು ಹಾರ್ನ್ ಹೊಡೆದ್ರೂ ನಿಲ್ಲಿಸ್ಬೇಡ ಅಂದಿದ್ದೆ... ತಡಿ, ತಡಿ. ನೀನು ಹಾರ್ನ್ ಹೊಡೆದ್ಯಾ? ಎಲ್ಲಿಂದ ಹೊಡೆದೆ? ನೀನು ಅಂಗಡೀಲಿಲ್ವೇನೋ?"

...

"ಸ್ಕೂಟರ್ ಮೇಲಾ?"

...

"ಹೆಲ್ಮೆಟ್ಟಿನೊಳಗೆ ಫೋನ್ ಸಿಕ್ಕಿಸ್ಕೊಂಡು... ಅಂದ್ರೆ ಆಗಿಂದ್ಲೂ... ಆ ಗಾಳಿ... ಅವಳ ಹಿಂದೇನಾ ಇರೋದು ನೀನು? ಈಗ್ಲೂನಾ?"

ಯಜಮಾನನ ಕೈಯಿಂದ ಸ್ಪ್ಯಾನರು ನೆಲಕ್ಕೆ ಬಿತ್ತು. ತಾನು ಚರ್ಮ ಸುಲಿಯುತ್ತೇನೆ ಎಂದು ಕೂಗಾಡುತ್ತಿದ್ದಷ್ಟು ಹೊತ್ತೂ ಆ ಸಣಕಲು ಆಳು ತನ್ನ ಮಗಳ ಬೆನ್ನಿಗೆ ಅಂಟಿಕೊಂಡು ಮಂಜಿನಲ್ಲಿ ಹೋಗುತ್ತಿದ್ದ.

"ನಿನ್ನ ಹಿಂದಿನ ಲೈಟು ಉರೀತಿದೆಯಾ?... ಎರಡು ಇಂಡಿಕೇಟರೂ ಮಿನುಗ್ತಿದೆಯಾ? ಸರಿ. ಸರಿ ಕಣೋ. ಮುಂದೆ ಹೋಗಿ ಅಡ್ಡ ನಿಲ್ಸೋಕ್ಕಾಗಲ್ವಾ?... ಎದುರುಗಡೆ ಗಾಡಿ ಬರ್ತಿವೆಯಾ? ಹಾಗಾದ್ರೆ ಬೇಡ, ಬೇಡ... ಟೋಲು? ಹೌದಲ್ಲ, ಟೋಲಿನಲ್ಲಿ ನಿಲ್ಲಿಸ್ಲೇಬೇಕು ಅವಳು! ಇನ್ನೆಷ್ಟು ದೂರ?... ಇನ್ನೂ ಅಷ್ಟಿದೆಯಾ... ಅಲ್ಲಿವರೆಗೆ ಬಿಡ್ಬೇಡ ಕಣೋ. ಹಿಂದೇನೇ ಇರು. ನಿನ್ನ ಕಾಲು ಹಿಡ್ಕೋತೀನಿ, ಹಿಂದೇನೇ..."

ಅರ್ಧಕ್ಕೇ ಮಾತು ನಿಂತಿತು. ಹಿಂದೆಯೇ ಇರು ಎಂದರೆ, ಬರುವ ಏಟನ್ನು ನೀನೇ ತಿನ್ನು ಎಂದ ಹಾಗೆ. ಈವರೆಗೆ ಎಷ್ಟೋ ಜನರಿಗೆ ಏಟು ಕೊಟ್ಟಿದ್ದ ಯಜಮಾನನಿಗೆ ಈ ಲೆಕ್ಕ ಹೊಳೆದದ್ದು ಇದೇ ಮೊದಲು. ಅವನಿಗೆ ನಾಚಿಕೆಯಾಯಿತು, ಭಯವೂ ಆಯಿತು.

"ಅಲ್ಲ... ನೀನೂ ಹುಷಾರು ಕಣೋ. ಹಿಂದೆ ತಿರುಗಿ ನೋಡ್ಕೋತಿರು. ಏನಾದ್ರೂ ಬಂತು ಅಂದ್ರೆ ಪಕ್ಕಕ್ಕೆ ಬಂದ್ಬಿಡು... ಬರಲ್ವಾ? ಬರಲ್ಲ ಅಂದ್ರೇನೋ?... ಯಾಕೋ?... ನನ್ನ ತಮ್ಮನ ಮಾತು ಈಗ್ಯಾಕೆ... ಹಾಂ... 'ಬಿಡಣ್ಣಾ' ಅಂದಿದ್ದ. ಹೌದು. ಅವನೊಬ್ಬನೇ ಅಂದಿದ್ದು."

ಫೋನು ಹಿಡಿದುಕೊಂಡೇ ಯಜಮಾನ ಲಾರಿಯವನ ಮುಂದೆ ಮಂಡಿಯೂರಿದ. ಒಂದೇ ಕೈಯಲ್ಲಿ ಬೆಲ್ಟಿನ ಗಂಟು ಬಿಚ್ಚಲು ಹೊರಟ. ಸಿಟ್ಟಿನಲ್ಲಿ ಬಿಗಿದ ಗಂಟು, ಸಡಿಲವೇ ಆಗಲಿಲ್ಲ. ಹಲ್ಲು ಹಾಕಿ ಎಳೆದ. ಲಾರಿಯವನು ಇನ್ನೊಂದು ಏಟು ಬಿತ್ತೆಂದು ಮುಖ ತಿರುಗಿಸಿಕೊಂಡ.

"ಫ್ಯೂಸು... ಕೇಳು. ಅವತ್ತು ನಾನು ಕೈ ಮಾಡ್ಬಾರ್ದಿತ್ತು... ಏನೂ ಬೇಡ ಅಂತೀಯ, ನಾನು ಹೇಳ್ಬೇಕಲ್ಲೋ. ಟೋಲಿನ ಹತ್ರ ಅವಳನ್ನ ಇಳಿಸಿ ಸ್ವಿಚ್ಚು ತೋರ್ಸು. ನಾನೇ ಹೇಳಿದೆ ಅನ್ನು, ಬೈಬೇಡ ಅವಳಿಗೆ. ಆಮೇಲೆ ನೀನು ಸೀದಾ ಇಲ್ಲಿಗೆ ಬಾ, ಎಲ್ಲರ ಮುಂದೆ ನನ್ನ ಕಪಾಳಕ್ಕೆ... ಏನದು? ಏನೋ ಅದು ಸದ್ದು?"

ಫೋನಿನೊಳಗಿಂದ ಹಾರ್ನ್ ಬಂತು. ಉದ್ದನೆಯ, ದಪ್ಪನೆಯ ಹಾರ್ನು, ಶೆಡ್ಡಿಗೆಲ್ಲ ಕೇಳಿಸುವಷ್ಟು ಜೋರು. ಅದರ ಹಿಂದೆಯೇ ಬುಸ್ ಎಂದು ಗಾಳಿ ಬಿಟ್ಟ ಸದ್ದು, ಟೈರು ಉಜ್ಜುವ ಸದ್ದು.

ಲಾರಿಯವನು ತಲೆಯೆತ್ತಿದ. ತೆರೆದಿದ್ದ ಒಂದೇ ಕಣ್ಣನ್ನು ಫೋನಿನ ಮೇಲೆ ನೆಟ್ಟು, ಒಡೆದ ತುಟಿಯಲ್ಲಿ, "ಲಾರಿ" ಎಂದ. "ಲೋಡಿದೆ. ಅವನಿಗೆ ಲೈಟು ಕಾಣಿಸ್ತಣ್ಣ... ಬ್ರೇಕ್ ಹಿಡಿದಿದಾನೆ."

"ನಿಲ್ಲುತ್ತೇನೋ? ನಿಲ್ಲುತ್ತಾ?" ಯಜಮಾನ ಅವನ ಭುಜ ಹಿಡಿದು ಅಲುಗಿಸಿದ. ಲಾರಿಯವನು ಫೋನಿಗೆ ಕಿವಿ ಕೊಟ್ಟು ಇನ್ನಷ್ಟು ಬಗ್ಗಿದ. ಹಾರ್ನು ನಿಲ್ಲದೆ ಕೂಗುತ್ತಲೇ ಇತ್ತು.

"ಲೋ, ಪಕ್ಕಕ್ಕೆ ಬಾರೋ! ಪಕ್ಕಕ್ಕೆ... ಹಲೋ... ಪುಟ್ಟಿ ಮುಂದೆ ಹೋದ್ಲಾ?... ಹಲೋ... ಫ್ಯೂಸು, ನೀನಿದೀಯೇನೋ? ಗಂಟಲಾದ್ರೂ ಸರಿಮಾಡ್ಕೊಳ್ಳೋ, ಕೇಳಿಸ್ಕೋತೀನಿ... ನೀನಿದೀಯಾ?..."

ಲೈನು ಕಟ್ಟಾಗಿತ್ತು.