ಅಪ್ಪನಾದವನ ದಿಗಿಲು

ಬೆಚ್ಚಿಬಿದ್ದ ಮಕ್ಕಳಿಗೆ ದುವಾ ಓದಿಸಿ ಊದಿಸಲು ಸುಂಕದಕಟ್ಟೆಯ ಮಸೀದಿ ಬಾಗಿಲಲ್ಲಿ ಸಾಲು ನಿಂತಿತ್ತು. ಸಾಲಿನಲ್ಲಿ ನಾನು ಅಕ್ಕನ ಮಗನ ಶರ್ಟಿನ ಗುಂಡಿ ಹಾಕುತ್ತಿದ್ದೆ. ಮುಂದೆ ಹಸುಗೂಸನ್ನು ಹೆಗಲಿಗೆ ಹಾಕಿಕೊಂಡ ಅಜ್ಜಿ, ಪಕ್ಕದಲ್ಲಿ ಅವರ ಮಗ.

“ನಂಗೇನು ಭಯ ಇಲ್ಲಮ್ಮ.”

“ಭಯ ಅಂದ್ನಾ? ಭಯಕ್ಕೆ ಎದುರಿಗೆ ನಾಯಿನಾದ್ರೂ ಇರ್ಬೇಕು. ನಿಂದು ದಿಗಿಲು ಕಣೋ ಮಹದೇವ. ಅದಕ್ಕೆ ಮಗು ಸುಮ್ನೆ ಮಲಗಿದ್ರೆ ಸಾಕು.”

“ಉಸಿರಾಡ್ತಿದ್ಯಾ ಅಂತ ನೋಡ್ತೀನಿ, ಅಷ್ಟೆ.”

“ಎಬ್ಬಿಸಿ ಎಬ್ಬಿಸಿ ನೋಡ್ತೀಯ! ನಿನ್ನ ಹೆಂಡ್ತಿ ನೆಟ್ಟಗೆ ಮಲಗಿ ವಾರ ಆಯ್ತು.”

“ಇಲ್ಲಿ ಊದಿಸ್ಕೊಳ್ಳೋಕೆ ಬಂದಿರೋರೆಲ್ಲ ಕೂಸುಗಳೇ. ಮೀಸೆಯೋನು ನಾನೊಬ್ನೇ.”

“ಸ್ವಲ್ಪ ಬಗ್ಗಿ ನಿಂತ್ಕೋ, ಗೊತ್ತಾಗಲ್ಲ.”

ದುವಾ ಓದುವ ಸಾಬರು ಕರೆದರು. ಅವನು ತಲೆ ತಗ್ಗಿಸಿ ಒಳಗೆ ಹೋದ. ನಿದ್ದೆಯ ಕೂಸಿನೊಂದಿಗೆ ಅಜ್ಜಿಯೂ ಹಿಂದೆಯೇ ಹೋದರು. ಒಳಗಿನಿಂದ ಅವನ ದನಿ ಕೇಳಿತು.

“ಅಮ್ಮ, ಒಂದ್ಸಲ ಮಗು ಮೂಗಿನ ಹತ್ರ ಬೆರಳಿಟ್ಟು ನೋಡು.”