ರುಮಾಲಿನ ಒಳಸುತ್ತು

ತಲೆ ಅಲ್ಲಾಡಿಸಬೇಡ ಅಂತ ಸನ್ನೆ ಮಾಡಿದ್ರಿ, ಸರಿ. ಬಾಯಿ ಮುಚ್ಚು ಅಂತ ಮಾಡಲಿಲ್ಲವಲ್ಲ ಯಜಮಾನ್ರೇ! ನೀವು ಅಳತೆ ತಗೊಳ್ಳಿ, ನಾನು ಮಾತಾಡ್ತೀನಿ. ಈ ಬೀದೀಲಿ ತಲೆಗೆ ರುಮಾಲು ಸುತ್ತೋ ಅಂಗಡಿ ಅಂತ ಉಳಿದಿರೋದು ನಿಮ್ಮದೊಂದೇ. ಮಿಕ್ಕವರೆಲ್ಲ ಮೊಬೈಲ್ ಕವರ್ ಮಾರ್ತಿದ್ದಾರೆ.

ಹ್ಞಾಂ, ಶಾಸ್ತ್ರ ಮೂರು ಗಂಟೆಗೆ. ನೆಂಟರಿಷ್ಟರೆಲ್ಲ ಆಗಲೇ ಮನೇಲಿ ಬಂದು ಕೂತಾಗಿದೆ. ಅಪ್ಪ ತೀರಿಕೊಂಡು ಹದಿಮೂರು ದಿನ ಆಯ್ತು. ಅವರ ರುಮಾಲು ಇವತ್ತು ನನ್ನ ತಲೆಗೆ. ಇನ್ಮೇಲೆ ಈ ಮನೆಗೆ ಹಿರಿಯ ನಾನೇ ಅಂತ ಎಲ್ಲರೂ ಕಣ್ಣಾರೆ ನೋಡಬೇಕಲ್ಲ! ಅದಕ್ಕೇ ಅವರದೇ ಬಟ್ಟೆ ತಂದಿದ್ದೀನಿ. ಅವರು ಸುತ್ತಿಕೊಳ್ತಿದ್ದ ಥರಾನೇ ಸುತ್ತಿಕೊಡಿ.

ಯಾಕೆ ನಗ್ತೀರಿ? ಓ... ಬೋಳುತಲೆಗೆ ಅನುಕೂಲ ಆಯ್ತು ಅಂತಾನಾ? ನಗಿ, ನಗಿ. ಆದರೆ ರುಮಾಲು ಅಂದ್ರೆ ತಲೆ ಮುಚ್ಚೋ ಬಟ್ಟೆ ಅಲ್ಲ ಯಜಮಾನ್ರೇ, ಮಾನ! ನಿಮಗೆ ನಾನು ಹೇಳಬೇಕಾ? ಹೇಳ್ತೀನಿ ಬಿಡಿ, ಬೇರೆ ಯಾರೂ ಕೇಳಲ್ಲ. ನಾನು ಬಸ್ ಡಿಪೋದಲ್ಲಿ ಫೋರ್‌ಮನ್. ಹೋದ ತಿಂಗಳು ನಮ್ಮ ಮ್ಯಾನೇಜರಿಗೆ ಬೀಳ್ಕೊಡುಗೆ. ಒಂದು ರೆಡಿಮೇಡ್ ತಂದು ತಲೆ ಮೇಲಿಟ್ರು. ಒಳಗೆ ರಟ್ಟು, ಹಿಂದೆ ಎಲಾಸ್ಟಿಕ್! ಅದೂ ಹಿಂದುಮುಂದಾಗಿ. ಬೆನ್ನ ಮೇಲೆ ಇಳೀಬೇಕಾದ ಚುಂಗು ಬಂದು ಮೂಗಿನ ಮೇಲೆ ಕೂತಿತು. ಆ ಮನುಷ್ಯ ಅದನ್ನ ಊದ್ತಾ ಊದ್ತಾ ಅರ್ಧ ಗಂಟೆ ಭಾಷಣ ಮಾಡಿದ! ಎಲ್ಲರೂ ಚಪ್ಪಾಳೆ. ನನಗೆ ಮೈಯೆಲ್ಲ ಉರಿದುಹೋಯ್ತು. ರುಮಾಲಿಗೆ ಇಷ್ಟೇನಾ ಬೆಲೆ?

ನಮ್ಮಪ್ಪನ್ನ ನೋಡಬೇಕಿತ್ತು ಅವರು. ಬೆಳಿಗ್ಗೆ ಎದ್ದು ರುಮಾಲು ಸುತ್ತಿಕೊಳ್ಳದೆ ಹಾಲಿನವನಿಗೂ ಬಾಗಿಲು ತೆಗೀತಿರಲಿಲ್ಲ. ಅವನು ಕೂಗಿ ಕೂಗಿ ಸಾಕಾಗಿ ಪಕ್ಕದ ಮನೆಗೆ ಹಾಲು ಕೊಟ್ಟು ಹೋದದ್ದೂ ಉಂಟು. ದಾರೀಲಿ ಹೋಗೋನು ರುಮಾಲು ಸುತ್ತಿದ ರೀತಿ ನೋಡಿಯೇ ಯಾವ ಕಸುಬಿನವನು, ಮನೇಲಿ ಮದುವೆಯೋ ಸಾವೋ, ಎಲ್ಲ ಹೇಳಿಬಿಡ್ತಿದ್ರು. ಇನ್ನೊಬ್ಬರ ರುಮಾಲು ದಾಟಬಾರದು ಅಂತ ನಮಗೆ ಚಿಕ್ಕಂದಿನಿಂದ ಪಾಠ. ಅದನ್ನ ತೆಗೆದು ಯಾರದಾದ್ರೂ ಕಾಲ ಹತ್ರ ಇಟ್ರು ಅಂದ್ರೆ ಮುಗೀತು, ಅದಕ್ಕಿಂತ ಹೆಚ್ಚಾಗಿ ಬೇಡ್ಕೊಳ್ಳೋಕೆ ಏನೂ ಉಳಿದಿಲ್ಲ ಅಂತ. ಎಂಥ ಹಗೆಯವನಾದ್ರೂ ಎತ್ತಿ ಮತ್ತೆ ತಲೆ ಮೇಲಿಡ್ತಾನೆ. ಇಡಲೇಬೇಕು... ಇರ್ಲಿ, ಆ ಮಾತು ಯಾಕೆ ಈಗ. ಹೊತ್ತಾಯ್ತು, ಸುತ್ತಿ.

ಏನು? ಎರಡು ಬೆರಳು ತೋರಿಸ್ತೀರಿ... ಹೌದು ಹೌದು, ನಾನು ಎರಡನೆಯವನೇ. ಅಣ್ಣ ಇದ್ದಾನೆ. ಇದ್ದಾನೆ ಅಂದ್ರೆ... ಆರು ವರ್ಷದ ಹಿಂದೆ ಮಾತಿಗೆ ಮಾತು ಬೆಳೆದು ಮನೆ ಬಿಟ್ಟು ಹೋದ. ಬಿಡಿಸಿದ್ದು ನಾನೇ ಅಂತ ಜನ ಅಂತಾರೆ. ಅಂದುಕೊಳ್ಳಲಿ! ಅಪ್ಪನ ಸುದ್ದಿ ತಿಳಿಸಿದ್ವಿ. ಬರಲಿಲ್ಲ. ಅಂಥವನಿಗೆ ರುಮಾಲು ಬೇರೆ ಕೇಡು!

ಅಯ್ಯೋ, ಪೂರ್ತಿ ಯಾಕೆ ಹರಡ್ತಿದ್ದೀರಿ? ಎಂಟು ಗಜ ಇದೆ, ಅಳೆಯೋದು ಬೇಡ. ಎಲ್ಲೂ ಹರಿದಿಲ್ಲ. ಮೂರು ಸಲ ನಾನೇ ಕೈಯಾರೆ ಒಗೆದಿದ್ದೀನಿ, ಹೆಂಡತಿಗೂ ಕೊಡಲಿಲ್ಲ. ಆ ಮಡಿಕೆ ಹಾಗೇ ಇರಲಿ... ಬಿಚ್ಚಿದ್ರಾ? ಅದಾ? ಅದು ಕಾಫಿ ಕಲೆ. ಅಪ್ಪನ ಕೈ ನಡುಗ್ತಿತ್ತಲ್ಲ. ಆ ಭಾಗ ಒಳಕ್ಕೆ ಹೋಗೋ ಹಾಗೆ ಸುತ್ತಿಬಿಡಿ, ಯಾರಿಗೆ ಕಾಣುತ್ತೆ!

ಕಿಟಕಿ ಹತ್ರ ಯಾಕೆ ಒಯ್ತೀರಿ? ಕಾಫಿ ಅಲ್ಲದಿದ್ರೆ ತುಕ್ಕು ಇರಬೇಕು. ತುಕ್ಕೇ. ಕಬ್ಬಿಣದ ಪೆಟ್ಟಿಗೇಲಿ ಇಟ್ಟಿದ್ವಿ... ಏನ್ರೀ ಇದು, ಮೂಸಿ ನೋಡ್ತೀರಾ! ಗ್ರೀಸೇ ಅಂತಿಟ್ಕೊಳ್ಳಿ. ಡಿಪೋದವನ ಮನೇಲಿ ಎಲ್ಲಕ್ಕೂ ಗ್ರೀಸ್ ವಾಸನೆ, ತಿನ್ನೋ ಅನ್ನಕ್ಕೂ ಗ್ರೀಸ್ ವಾಸನೆ!

ನನ್ನ ಬೂಟು ಯಾಕೆ ನೋಡ್ತೀರಿ? ಏಳಿ, ಈ ವಯಸ್ಸಲ್ಲಿ ಮಂಡಿಯೂರಿ ಕೂತ್ಕೊಂಡು... ಬಟ್ಟೇನ ಬೂಟಿನ ಪಕ್ಕ ಹಿಡಿದು ಏನು ನೋಡ್ತೀರಿ, ಅಟ್ಟೆಯ ಗೆರೆ ಎಣಿಸ್ತೀರಾ? ಇಂಥ ಬೂಟು ನಮ್ಮ ಡಿಪೋದಲ್ಲಿ ನೂರು ಜನಕ್ಕೆ ಕೊಟ್ಟಿದ್ದಾರೆ. ನೂರು ಜನ...

ಏನಾದ್ರೂ ಅನ್ನಿ. ಬೈಯಿರಿ ಬೇಕಾದ್ರೆ. ಹಾಗೆ ಸುಮ್ಮನೆ ನೋಡಬೇಡಿ.

ಆಯ್ತು. ಇಟ್ರು. ಅಪ್ಪ ಇಟ್ರು. ನಾನು ಕೆಲಸಕ್ಕೆ ಹೊರಟು ಬೂಟು ಹಾಕ್ಕೊಂಡು ನಿಂತಿದ್ದೆ. ರುಮಾಲು ತೆಗೆದು ನನ್ನ ಕಾಲ ಮುಂದೆ ಇಟ್ಟು, ಅಣ್ಣನಿಗೆ ಒಂದು ಫೋನ್ ಮಾಡು ಮಗಾ, ಒಂದು ಸಲ ಅವನ ದನಿ ಕೇಳಿಸು ಅಂದ್ರು. ಹೆತ್ತಪ್ಪ! ನಾನು ಎತ್ತಲಿಲ್ಲ. ಬಸ್ಸಿಗೆ ಹೊತ್ತಾಯ್ತು ಅಂದೆ... ಡಿಪೋ ಫೋರ್‌ಮನ್ನಿಗೆ ಬಸ್ಸಿಗೆ ಹೊತ್ತಾಯ್ತಂತೆ! ದಾಟ್ಕೊಂಡು ಹೋದೆ. ದಾಟಿದೆ ಅಂತಾನೇ ಅಂದ್ಕೊಂಡಿದ್ದೆ, ತುಳಿದದ್ದು ಗೊತ್ತಾಗಲಿಲ್ಲ. ಫೋನ್ ಮಾಡಲಿಲ್ಲ. ಅಪ್ಪ ಸತ್ತ ಮೇಲೂ ಮಾಡಲಿಲ್ಲ, ನಿಮ್ಮ ಹತ್ರ ಸುಳ್ಳು ಹೇಳಿದೆ. ಅಣ್ಣ ಬಂದ್ರೆ ರುಮಾಲು ಅವನಿಗೆ ಹೋಗುತ್ತಲ್ಲ...

ಅವತ್ತು ಸಾಯಂಕಾಲ ಬಂದು ನೋಡಿದ್ರೆ, ಅಪ್ಪ ರುಮಾಲು ಸುತ್ತಿಕೊಂಡು ಎಂದಿನ ಹಾಗೇ ಕೂತಿದ್ರು. ಬೆಳ್ಳಗೆ, ಒಂದು ಚುಕ್ಕೆ ಇಲ್ಲದ ಹಾಗೆ. ಮುದುಕನಿಗೆ ಮರೆತೇಹೋಗಿದೆ ಅಂದ್ಕೊಂಡೆ ನಾನು. ಅವರು ಹೋದ ದಿನ ತಲೆಯಿಂದ ಬಿಚ್ಚಿದಾಗ ಕಂಡಿತು. ಒಳಸುತ್ತಲ್ಲಿ, ಹಣೆಗೆ ಅಂಟಿಕೊಂಡು. ದಿನಾ ಬೆಳಿಗ್ಗೆ ನಡುಗೋ ಕೈಯಲ್ಲಿ ಆ ಭಾಗಾನೇ ಹುಡುಕಿ ಒಳಕ್ಕೆ ಹಾಕಿದ್ದಾರೆ ಯಜಮಾನ್ರೇ. ಸಾಯೋವರೆಗೂ, ಹನ್ನೊಂದು ದಿನ. ನನ್ನ ಬೂಟಿನ ಗುರುತು ತಲೆ ಮೇಲೆ ಹೊತ್ಕೊಂಡು, ನೋಡೋಕೆ ಬಂದ ನೆಂಟರಿಗೆಲ್ಲ ಹೇಳ್ತಿದ್ರು... ಚಿಕ್ಕವನು ಇರೋದಕ್ಕೆ ನನಗೆ ಯಾವ ಕೊರತೇನೂ ಇಲ್ಲ ಅಂತ.